ಅಂದಾಜಪ್ಪ ಕಾಲುವೆ ದಾಟಿದ್ದು

ಮನುಷ್ಯ ದಿನಕ್ಕೆ ಎಷ್ಟು ನಡೆಯುತ್ತಾನೆ ಎಂದು ತಿಳಿಯಬೇಕಾದರೆ ಅವನ ಮಾತು ಕೇಳಬಾರದು, ಚಪ್ಪಲಿ ತಿರುಗಿಸಿ ನೋಡಬೇಕು. ಮೂವತ್ತು ವರ್ಷದಿಂದ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡು, ಕುಕ್ಕರಗಾಲಿನಲ್ಲಿ ಕೂತೇ ಜಗತ್ತನ್ನು ನೋಡಿದ ನನಗೆ ಜನರ ಮುಖಕ್ಕಿಂತ ಪಾದದ ಪರಿಚಯ ಹೆಚ್ಚು. ಅಂದಾಜಪ್ಪ ತನ್ನ ಚಪ್ಪಲಿ ಕೊಂಡು ಎರಡು ವರ್ಷವಾಗಿತ್ತು. ಅದರ ಅಡಿಯಲ್ಲಿ ಅಚ್ಚಾಗಿದ್ದ ನಂಬರನ್ನು ಕನ್ನಡಕವಿಲ್ಲದೆ ಓದಬಹುದಿತ್ತು.

ಅಂದಾಜಪ್ಪ ಎನ್ನುವುದು ಅವನ ನಿಜವಾದ ಹೆಸರಲ್ಲ, ನಮ್ಮ ಬೀದಿ ಇಟ್ಟದ್ದು. ಗ್ರಂಥಾಲಯದಲ್ಲಿ ಗುಮಾಸ್ತ. ಗಂಟೆ ಎಷ್ಟು ಎಂದರೆ "ಅಂದಾಜು ಹತ್ತು" ಎನ್ನುತ್ತಾನೆ. ಊಟ ಆಯಿತೇ ಎಂದರೆ "ಅಂದಾಜು ಆಯ್ತು" ಎನ್ನುತ್ತಾನೆ. ಜನಗಣತಿಯವರು ಬಂದು ಮಕ್ಕಳೆಷ್ಟು ಎಂದು ಕೇಳಿದಾಗ "ಅಂದಾಜು ಇಬ್ಬರು" ಎಂದುಬಿಟ್ಟದ್ದರಿಂದ, ಹೆಂಡತಿ ಒಳಗಿಂದ ಓಡಿ ಬಂದು "ಇಬ್ಬರೇ ಸ್ವಾಮಿ, ಇಬ್ಬರೂ ನಮ್ಮವರೇ" ಎಂದು ಬರೆಸಬೇಕಾಯಿತು. ಅಡ್ಡಗೋಡೆಯ ಮೇಲೆ ದೀಪವಿಡುವುದು ಅವನ ಹುಟ್ಟುಗುಣ. ಅದರಲ್ಲಿ ಮೋಸವೇನೂ ಇಲ್ಲ, ಪಾಪ. ಒಂದು ವಿಷಯವನ್ನು ಕೊನೆಯವರೆಗೆ ನೋಡುವಷ್ಟು ಹೊತ್ತು ಅವನ ತಲೆ ಒಂದು ಕಡೆ ನಿಲ್ಲುವುದಿಲ್ಲ, ಅಷ್ಟೇ.

ಎರಡು ವರ್ಷದ ಹಿಂದೆ ಡಾಕ್ಟರು ಅವನ ರಕ್ತದಲ್ಲಿ ಸಕ್ಕರೆ ಕಂಡುಹಿಡಿದು, ದಿನಾ ಬೆಳಿಗ್ಗೆ ಒಂದು ಗಂಟೆ ನಡೆಯಬೇಕು ಎಂದರು. ಮೊದಲನೆಯ ದಿನ ಆರು ಗಂಟೆಗೆ ಹೊರಟವನು ಬೀದಿಯ ತುದಿಯಲ್ಲಿರುವ ನನ್ನ ಅಂಗಡಿಯವರೆಗೆ ನಡೆದ. ಅಂಗಡಿಯ ಮುಂದೆ ಒಂದು ಮರದ ಬೆಂಚು. "ಒಂದೈದು ನಿಮಿಷ ಸುಧಾರಿಸ್ಕೊಂಡು ಹೋಗ್ತೀನಿ ಕಣಯ್ಯ" ಎಂದು ಕೂತ. ಆ ಐದು ನಿಮಿಷ ಎರಡು ವರ್ಷವಾಯಿತು.

ದಿನಾ ಆರಕ್ಕೆ ಬರುವುದು, ಪೇಪರಿನ ಮೇಲೆ ಮುಖವಿಟ್ಟುಕೊಂಡು ತೂಕಡಿಸುವುದು, ಏಳಕ್ಕೆ ಎದ್ದು ನಾನು ಪಂಕ್ಚರ್ ನೋಡಲು ಇಟ್ಟುಕೊಂಡ ಟಬ್ಬಿನ ನೀರನ್ನು ಹಣೆಗೆ, ಕತ್ತಿಗೆ, ಕಂಕುಳಿಗೆ ಚಿಮುಕಿಸಿಕೊಂಡು, ಮೇಲುಸಿರು ಬಿಡುತ್ತಾ ಮನೆಗೆ ಹೋಗುವುದು. ಆ ನೀರಿನಲ್ಲಿ ಟ್ಯೂಬು ಮುಳುಗಿಸಿ ಮುಳುಗಿಸಿ ರಬ್ಬರಿನ ವಾಸನೆ ಹತ್ತಿತ್ತು. ಅವನ ಹೆಂಡತಿ ಬೀದಿಯ ಹೆಂಗಸರಿಗೆಲ್ಲ ಹೇಳುತ್ತಿದ್ದಳು: "ನಮ್ಮನೆಯವರು ಎಷ್ಟು ಬಿರುಸಾಗಿ ನಡೀತಾರೆ ಅಂದ್ರೆ, ಚಪ್ಪಲಿ ಕಾದು ರಬ್ಬರ್ ವಾಸನೆ ಬೆವರಿಗೇ ಹತ್ತಿಬಿಟ್ಟಿದೆ ಕಣ್ರೀ. ದೊಡ್ಡ ರಸ್ತೆ ದಾಟಿ ಆಟದ ಮೈದಾನದವರೆಗೆ ಹೋಗಿಬರ್ತಾರೆ." ಸಕ್ಕರೆ ಮಾತ್ರ ಇಳಿಯಲಿಲ್ಲ. ಡಾಕ್ಟರು ತಲೆ ಕೆರೆದುಕೊಂಡು, ನಡಿಗೆ ಸಾಲದು, ಇನ್ನರ್ಧ ಗಂಟೆ ಸೇರಿಸಿ ಎಂದರು. ಅವನು ಬೆಂಚಿನ ಮೇಲೆ ಇನ್ನರ್ಧ ಗಂಟೆ ಹೆಚ್ಚು ಕೂತ.

ನಾನು ಸುಮ್ಮನಿದ್ದೆ. ಗಿರಾಕಿಯಲ್ಲದಿದ್ದರೂ ಅಂಗಡಿಯ ಮುಂದೆ ಒಬ್ಬ ಮನುಷ್ಯ ಕೂತಿದ್ದರೆ ಅಂಗಡಿ ನಡೆಯುತ್ತಿದೆ ಎಂದು ಜನಕ್ಕೆ ಅನ್ನಿಸುತ್ತದೆ.

ಇಲ್ಲಿ ಟವಲಿನ ವಿಷಯ ಹೇಳಬೇಕು. ನನ್ನ ಅಂಗಡಿಯ ಹಿಂದೆ ಮರ ಕೊಯ್ಯುವ ಮಿಲ್ಲು, ಮಿಲ್ಲಿನ ಹಿಂದೆ ಕಾಲುವೆ, ಕಾಲುವೆಯ ಆಚೆ ದಡದಲ್ಲಿ ಅಂದಾಜಪ್ಪನ ಅತ್ತೆಯ ಮನೆ. ಮಿಲ್ಲಿನ ಶೀಟುಗಳ ಮೇಲಿಂದ ಆಕೆಯ ಮನೆಯ ತಾರಸಿ ನಮ್ಮ ಬೆಂಚಿಗೆ ಚೆನ್ನಾಗಿ ಕಾಣುತ್ತದೆ. ಕೂಗಿದರೆ ಕೇಳುವಷ್ಟು ಹತ್ತಿರ, ಹೋಗಬೇಕಾದರೆ ಎರಡು ಬಸ್ಸು ಬದಲಾಯಿಸಿ ಒಂದೂವರೆ ಗಂಟೆ. ಸೇತುವೆ ಇರುವುದು ಎಲ್ಲೋ ಮೇಲೆ, ಹೆದ್ದಾರಿಯ ಹತ್ತಿರ. ಅದರ ಮೇಲೆ ಲಾರಿಗಳ ನಡುವೆ ಸೈಕಲ್ ಹೊಡೆದವರನ್ನು ನಾನು ಬಲ್ಲೆ, ಅವರ ಸೈಕಲ್ಲುಗಳನ್ನು ನೆಟ್ಟಗೆ ಮಾಡಿಕೊಟ್ಟವನೂ ನಾನೇ. ಅತ್ತೆಗೆ ಫೋನಿನ ಮೇಲೆ ನಂಬಿಕೆಯಿಲ್ಲ. "ಫೋನಿನಲ್ಲಿ ಚೆನ್ನಾಗಿದೀನಿ ಅಂತ ಯಾರು ಬೇಕಾದ್ರೂ ಹೇಳಬಹುದು" ಎನ್ನುತ್ತಾರೆ. ಆದ್ದರಿಂದ ದಿನಾ ಬೆಳಿಗ್ಗೆ ಎದ್ದ ಕೂಡಲೆ ತಾರಸಿಯ ತಂತಿಯ ಮೇಲೆ ಒಂದು ಹಳದಿ ಟವಲು ಹಾಕುತ್ತಾರೆ. ಮಗಳು ಎಂಟು ಗಂಟೆಗೆ ಬೀದಿಯ ತುದಿಗೆ ಬಂದು, ನನ್ನ ಅಂಗಡಿಯ ಪಕ್ಕ ನಿಂತು, ಟವಲು ನೋಡಿ, ಅಮ್ಮ ಎದ್ದಿದ್ದಾಳೆ ಎಂದು ನೆಮ್ಮದಿಯಾಗಿ ಹಿಂದಿರುಗುತ್ತಾಳೆ. ಹೋದ ವರ್ಷ ಒಂದು ದಿನ ಟವಲು ಬೀಳಲಿಲ್ಲ. ಆಕೆ ಎರಡು ಬಸ್ಸು ಹಿಡಿದು ಹೋಗಿ ನೋಡಿದರೆ, ತಾಯಿ ಬಚ್ಚಲಿನ ಬಾಗಿಲಲ್ಲಿ ಜಾರಿ ಬಿದ್ದು, ಏಳಲಾಗದೆ ಬೆಳಗಿನ ಜಾವ ನಾಲ್ಕು ಗಂಟೆಯಿಂದ ಅಲ್ಲೇ ಮಲಗಿದ್ದರಂತೆ. ಅವತ್ತಿನಿಂದ ಈಕೆಯ ಎದೆ ದಿನಾ ಬೆಳಿಗ್ಗೆ ಆ ತಂತಿಯ ಮೇಲೇ ನೇತಾಡುತ್ತದೆ.

ಹೀಗಿರುವಾಗ ಯೋಜನೆಯವರು ಬಂದರು.

ಪ್ರಾಂತದ ಹತ್ತೂ ಊರುಗಳನ್ನು ಕಾಲುದಾರಿ, ಸೈಕಲ್ ದಾರಿಗಳಿಂದ ಒಂದಕ್ಕೊಂದು ಜೋಡಿಸುವ ದೊಡ್ಡ ಯೋಜನೆ. ಶಾಲೆಯ ಸಭಾಂಗಣದಲ್ಲಿ ನಾಲ್ಕು ಮೇಜು ಕೂಡಿಸಿ, ಅದರ ಮೇಲೆ ಹಾಸಿಗೆಯಷ್ಟು ದೊಡ್ಡ ನಕ್ಷೆ ಹರಡಿದ್ದರು. ಯೋಜನಾಧಿಕಾರಿ ಮೂವತ್ತರ ಆಸುಪಾಸಿನ ಚುರುಕಾದ ಹೆಣ್ಣುಮಗಳು. ಆಕೆಯ ಜೊತೆಗೆ ಒಬ್ಬ ಎಣಿಕೆಯವನು. ಅವನ ಮುಷ್ಟಿಯಲ್ಲಿ ಒಂದು ಸಣ್ಣ ಯಂತ್ರ. ಹೆಬ್ಬೆರಳಿನಿಂದ ಒತ್ತಿದರೆ ಟಿಕ್ ಎಂದು ಒಂದು ಅಂಕಿ ಮುಂದೆ ಹೋಗುತ್ತದೆ. ಬಾಗಿಲಲ್ಲೇ ನಿಂತು, ಒಳಗೆ ಬಂದವರನ್ನೆಲ್ಲ ಟಿಕ್ಕಿಸುತ್ತಿದ್ದ. ಬಂದ ಬೆಕ್ಕನ್ನೂ ಟಿಕ್ಕಿಸಿ, ಆಮೇಲೆ ಒಂದು ಕಳೆದ.

"ನಾವು ಆಫೀಸಿನಲ್ಲಿ ಕೂತು ಗೆರೆ ಎಳೆಯಲ್ಲ," ಎಂದರು ಅಧಿಕಾರಿ. "ಜನ ಈಗಾಗಲೇ ಎಲ್ಲಿ ನಡೀತಿದ್ದಾರೋ ಅಲ್ಲೇ ದಾರಿ ಮಾಡೋದು ನಮ್ಮ ಪದ್ಧತಿ. ನೀವು ದಿನಾ ನಡೆಯೋ ದಾರೀನ ಈ ಕೆಂಪು ಪೆನ್ನಿನಲ್ಲಿ ನೀವೇ ಗುರುತು ಮಾಡಿ."

ಅಂದಾಜಪ್ಪನ ಹೆಂಡತಿ ಮೊದಲೇ ಎದ್ದು ನಿಂತಳು. "ಮೇಡಂ, ನಮ್ಮ ಬೀದಿ ಹಿಂದೆ ಕಾಲುವೆ ಮೇಲೆ ಒಂದು ಸೇತುವೆ ಆಗಬೇಕು."

"ಅಲ್ಲಿ ದಾಟೋರ ಸಂಖ್ಯೆ ಸೊನ್ನೆ," ಎಂದ ಎಣಿಕೆಯವನು. "ಮೂರು ದಿನ ನಾನೇ ಕೂತು ಎಣಿಸಿದ್ದೀನಿ."

"ಸೇತುವೇನೇ ಇಲ್ಲದೆ ಹೇಗೆ ದಾಟ್ತಾರೆ?"

"ಆ ಪ್ರಶ್ನೆ ನಮ್ಮ ಫಾರಂನಲ್ಲಿಲ್ಲ ಅಮ್ಮ. ದಾಟೋರಿದ್ರೆ ಸೇತುವೆ."

ಆಕೆ ಮುಖ ಸಣ್ಣದು ಮಾಡಿಕೊಂಡು ಕೂತಳು. ಈ ಮಾತುಕತೆಯಷ್ಟೂ ಹೊತ್ತು ಅಂದಾಜಪ್ಪ ಹಿಂದಿನ ಸಾಲಿನಲ್ಲಿ ಬಿಸ್ಕತ್ತಿನ ತಟ್ಟೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. ಒಂದು ಅಕ್ಷರ ಕಿವಿಗೆ ಬಿದ್ದಿರಲಿಲ್ಲ. ಅಧಿಕಾರಿ "ಇಲ್ಲಿ ದಿನಾ ವಾಕಿಂಗ್ ಮಾಡೋರು ಯಾರಿದ್ದೀರಿ?" ಎಂದದ್ದೇ ತಡ, ನಮ್ಮ ಬೀದಿಯ ಹೆಂಗಸರೆಲ್ಲ ಒಟ್ಟಾಗಿ ಹಿಂದಕ್ಕೆ ತಿರುಗಿ ಅವನತ್ತ ಕೈ ತೋರಿಸಿದರು. ಹೆಂಡತಿ ಸೇತುವೆಯ ದುಃಖ ಮರೆತು, ಅವನ ರಟ್ಟೆ ಹಿಡಿದು ಮೇಜಿನ ಹತ್ತಿರ ತಂದು ನಿಲ್ಲಿಸಿದಳು. ಬೇಲಿಯ ಮೇಲೆ ಹೋಗುತ್ತಿದ್ದದ್ದನ್ನು ಕಿವಿಗೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ನಿಂತದ್ದೂ ಮೇಜಿನ ತಲೆಯ ಕಡೆ. ನಕ್ಷೆ ಅವನಿಗೆ ತಲೆಕೆಳಗು. ಬಿಸ್ಕತ್ತಿನ ಪುಡಿ ಉದುರಿಸುತ್ತಾ ಕೆಂಪು ಪೆನ್ನು ಹಿಡಿದು, ನಕ್ಷೆಯಲ್ಲಿ ಅಡ್ಡಡ್ಡ ಹೋಗಿದ್ದ ದಪ್ಪ ನೀಲಿ ಪಟ್ಟೆಯನ್ನು ದೊಡ್ಡ ರಸ್ತೆ ಎಂದು ತೀರ್ಮಾನಿಸಿದ. ನಮ್ಮ ಬೀದಿಯಿಂದ ಹೊರಟು, ಎದುರಿಗೆ ಸಿಕ್ಕಿದ್ದನ್ನೆಲ್ಲ ದಾಟಿಸಿ, ನೀಲಿ ಪಟ್ಟೆಯನ್ನೂ ದಾಟಿಸಿ, ಆಚೆ ಕಡೆ ಒಂದು ಸುತ್ತು ಹಾಕಿ ನಿಲ್ಲಿಸಿದ.

"ನೀವು... ಇದನ್ನ ದಾಟ್ತೀರಾ?" ಎಂದರು ಅಧಿಕಾರಿ, ನೀಲಿ ಪಟ್ಟೆಯ ಮೇಲೆ ಬೆರಳಿಟ್ಟು.

"ದಿನಾ ದಾಟ್ತೀನಿ," ಎಂದ ಅಂದಾಜಪ್ಪ.

"ಹೆದರಿಕೆ ಆಗಲ್ವಾ?"

"ಏನ್ ಹೆದರಿಕೆ ಮೇಡಂ? ಎರಡೂ ಕಡೆ ನೋಡ್ಕೊಂಡು ದಾಟಿಬಿಡ್ತೀನಿ. ಹೋಗ್ತಾ ಒಂದ್ಸಲ, ಬರ್ತಾ ಒಂದ್ಸಲ. ಬೆಳಿಗ್ಗೆ ಆರಕ್ಕೆ, ಅಂದಾಜು ಎರಡು ವರ್ಷದಿಂದ."

ಅಧಿಕಾರಿಯ ಕಣ್ಣು ಅರಳಿತು. ಎಣಿಕೆಯವನ ಕಡೆ ತಿರುಗಿ, "ನೀವು ಎಷ್ಟು ಹೊತ್ತಿಗೆ ಎಣಿಸಿದ್ದು?" ಎಂದರು.

"ಹತ್ತರಿಂದ ಐದು ಮೇಡಂ. ಆಫೀಸ್ ಟೈಮು."

"ಇವರು ದಾಟೋದು ಬೆಳಿಗ್ಗೆ ಆರಕ್ಕೆ!"

ಎಣಿಕೆಯವನು ಜೀವಮಾನದ ಲೆಕ್ಕ ತಪ್ಪಿದವನ ಹಾಗೆ ಬೆವರಿದ. ನಮ್ಮ ಅಂದಾಜಪ್ಪನಿಗೆ ಯಾಕೆ ಎಲ್ಲರೂ ತನ್ನನ್ನು ಹೀಗೆ ನೋಡುತ್ತಿದ್ದಾರೆಂದು ತಿಳಿಯಲಿಲ್ಲ. ಹೊಗಳಿಕೆಯೇ ಇರಬೇಕೆಂದು ಮುಗುಳ್ನಕ್ಕ.

ಆಗ ಪಕ್ಕದ ಮನೆಯ ನಿವೃತ್ತ ಹೆಡ್ ಮೇಷ್ಟ್ರು ಕನ್ನಡಕ ಏರಿಸಿ ನಕ್ಷೆಯ ಮೇಲೆ ಬಗ್ಗಿದರು. "ಈ ಗೆರೆ ನನ್ನ ಕಾಂಪೌಂಡಿನ ಒಳಗಿಂದ ಹೋಗಿದೆ! ಎರಡು ವರ್ಷದಿಂದ ದಿನಾ ಬೆಳಿಗ್ಗೆ ನನ್ನ ಗಿಡದಲ್ಲಿ ಒಂದು ಗುಲಾಬಿ ಕಾಣೆ ಆಗ್ತಿದೆ. ಯಾರಯ್ಯಾ ಕಳ್ಳ ಅಂತಿದ್ದೆ!"

ಮಿಲ್ಲಿನ ಕಾವಲುಗಾರನೂ ಬಂದಿದ್ದ. ಗೆರೆ ಮಿಲ್ಲಿನ ನಡುವೆಯೂ ಹಾದಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಕೇಳುವ ಮೊದಲೇ ಎದ್ದು ನಿಂತು, "ನಾನೇನೂ ನಿದ್ದೆ ಮಾಡ್ತಿರ್ಲಿಲ್ಲ ಸಾರ್. ದಿನಾ ಆರಕ್ಕೆ ಇವರು ಬರ್ತಾರೆ, ನಾನೇ ಗೇಟು ತೆಗೀತೀನಿ, ನಮಸ್ಕಾರ ಮಾಡ್ತೀನಿ" ಎಂದು ಸಾಕ್ಷಿ ಹೇಳಿಬಿಟ್ಟ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ನಮ್ಮೂರಲ್ಲಿ ಬರವಿಲ್ಲ. ಹತ್ತು ನಿಮಿಷದಲ್ಲಿ ಅಂದಾಜಪ್ಪ ಕಾಲುವೆ ದಾಟುವುದನ್ನು ಕಣ್ಣಾರೆ ಕಂಡವರು ಐದು ಜನ ಹುಟ್ಟಿದರು.

ಹೆಂಡತಿಯೊಬ್ಬಳೇ ನಕ್ಷೆಯಿಂದ ಕಣ್ಣು ತೆಗೆದಿರಲಿಲ್ಲ. ಕೆಂಪು ಗೆರೆ ಸುತ್ತು ಹಾಕಿದ್ದ ಜಾಗದ ಮೇಲೆ ಬೆರಳಿಟ್ಟಳು. "ರೀ. ಇದು ನಮ್ಮಮ್ಮನ ಮನೆ."

"ಹೌದಾ?" ಎಂದ ಅಂದಾಜಪ್ಪ, ಬಿಸ್ಕತ್ತು ಅಲ್ಲೇ ನಿಂತಿತು.

"ದಿನಾ ನಮ್ಮಮ್ಮನ ಮನೆ ಬಾಗಿಲ ಮುಂದೆ ಹೋಗ್ತೀರಾ? ಎರಡು ವರ್ಷದಿಂದ? ನಾನು ಇಲ್ಲಿ ಟವಲು ನೋಡ್ಕೊಂಡು ಜೀವ ಹಿಡ್ಕೊಂಡಿರ್ತೀನಿ. ನೀವು ಒಂದು ದಿನ, ಒಂದೇ ಒಂದು ದಿನ ಬಾಗಿಲು ತಟ್ಟಿ ಹೇಗಿದೀರಾ ಅಂತ ಕೇಳಲಿಲ್ವಾ? ಅಮ್ಮ ಬಿದ್ದಿದ್ದ ದಿನಾನೂ ಮುಂದೇನೇ ಹೋದ್ರಾ?"

ಅವನು ಬಾಯಿ ತೆರೆದ. ಅದರಲ್ಲಿದ್ದದ್ದು ಅರ್ಧ ಬಿಸ್ಕತ್ತು ಮಾತ್ರ.

ಅವತ್ತಿನಿಂದ ಆಕೆ ಅವನೊಂದಿಗೆ ಮಾತು ಬಿಟ್ಟಳು. ಹೇಳಬೇಕಾದ್ದನ್ನೆಲ್ಲ ಅಂಗಡಿಯವರೆಗೆ ಬಂದು ನನಗೆ ಹೇಳುತ್ತಿದ್ದಳು: "ಅಣ್ಣಾ, ಊಟ ಮೇಜಿನ ಮೇಲಿದೆ ಅಂತ ಅವರಿಗೆ ಹೇಳಿ." ಅವನು ನನ್ನ ಪಕ್ಕದಲ್ಲೇ ನಿಂತಿರುತ್ತಿದ್ದ. ನಾನು ಅವನ ಕಡೆ ತಿರುಗಿ, ಊಟ ಮೇಜಿನ ಮೇಲಿದೆಯಂತೆ ಎನ್ನುತ್ತಿದ್ದೆ. ಅಂದಾಜು ಎಷ್ಟು ಹೊತ್ತಿಗೆ ಎಂದು ಕೇಳು ಎನ್ನುತ್ತಿದ್ದ.

ಸಭೆಯ ಮಾರನೆಯ ದಿನವೇ ಟವಲು ಬೀಳಲಿಲ್ಲ.

ಆಕೆ ನನ್ನ ಅಂಗಡಿಯ ಪಕ್ಕ ನಿಂತು ಬರಿಯ ತಂತಿ ನೋಡಿ ಬಿಳಿಚಿಕೊಂಡಳು. ಬಸ್ಸಿಗೆ ಓಡಿದಳು. ಮಧ್ಯಾಹ್ನ ಹಿಂದಿರುಗಿ ಬೆಂಚಿನ ಮೇಲೆ ಕುಸಿದು ಕೂತು ಹೇಳಿದಳು: "ಅಮ್ಮ ಗಟ್ಟಿಯಾಗೇ ಇದಾಳೆ ಅಣ್ಣಾ. ನೆಂಟರೊಬ್ಬರು ನಿನ್ನೆಯೇ ವಿಷಯ ಮುಟ್ಟಿಸಿದ್ದಾರೆ. 'ಇನ್ನು ನಾನು ಟವಲು ಹಾಕಲ್ಲ. ದಿನಾ ಬಾಗಿಲ ಮುಂದೆ ಹೋಗೋ ಅಳಿಯ ಇಣುಕಿ ನೋಡಲಿ, ಇದೀನೋ ಸತ್ತಿದೀನೋ ಅಂತ' ಅಂದಳು. ದಿನಾ ಎರಡು ಬಸ್ಸು ಹಿಡಿದು ಹೋಗಿ ನೋಡ್ಕೊಂಡು ಬರಕ್ಕೆ ನನ್ನ ಕೈಲಾಗುತ್ತಾ?" ಹೇಳುತ್ತಾ ಅತ್ತುಬಿಟ್ಟಳು. ಚೈನಿಗೆ ಎಣ್ಣೆ ಹಾಕುತ್ತಿದ್ದ ನನಗೆ ಆ ಎಣ್ಣೆ ಎಲ್ಲಿ ಬೀಳುತ್ತಿದೆ ಎನ್ನುವುದೂ ಕಾಣಲಿಲ್ಲ. ಎರಡು ವರ್ಷ ಬೆಂಚು ಕೊಟ್ಟವನು ನಾನು. ಪಾಪದಲ್ಲಿ ನನಗೂ ಪಾಲಿತ್ತು, ನಾಚಿಕೆಯಾಯಿತು.

ಸಂಜೆ ಅಂದಾಜಪ್ಪನನ್ನು ಹಿಡಿದು ಹೇಳಿದೆ. "ನೋಡು, ನೇರವಾಗಿ ಆ ಮೇಡಂ ಹತ್ರ ಹೋಗು. ನಾನು ನಡೆಯೋದೇ ಇಲ್ಲ, ಗೆರೆ ತಪ್ಪಾಗಿ ಎಳೆದೆ ಅಂತ ಹೇಳಿಬಿಡು. ಬೈಸ್ಕೊಂಡ್ರೆ ಮುಗೀತು."

"ನೀನೂ ಬಾ," ಎಂದ. ಹೋದೆವು.

ಯೋಜನೆಯ ಕಚೇರಿಯಲ್ಲಿ ಗೋಡೆ ತುಂಬಾ ನಕ್ಷೆ. ಹತ್ತು ಊರುಗಳ ನಡುವೆ ಕೆಂಪು ಗೆರೆಗಳು ಹೆಣೆದುಕೊಂಡಿದ್ದವು. ಅಂದಾಜಪ್ಪ "ಮೇಡಂ, ಆ ಗೆರೆ ವಿಷಯ..." ಎಂದು ಶುರುಮಾಡುವಷ್ಟರಲ್ಲಿ ಅಧಿಕಾರಿ ಎದ್ದು ಬಂದು ಅವನ ಕೈ ಕುಲುಕಿದರು.

"ನೋಡಿ ಇಲ್ಲಿ. ಕಲ್ಲುಗಣಿಯ ಊರಿನಿಂದ ರೈಲ್ವೆ ಸ್ಟೇಷನ್ನಿನವರೆಗೆ ಒಂದೂ ಲಾರಿ ರಸ್ತೆ ಮುಟ್ಟದೆ ಸೈಕಲ್ಲಿನಲ್ಲಿ ಹೋಗಬಹುದು. ನಿಮ್ಮ ಕಾಲುವೆ ಹತ್ರ ಮಾತ್ರ ಕಡಿದು ಹೋಗಿದೆ. ಆ ದಡದಿಂದ ಹತ್ತೊಂಬತ್ತು ವರ್ಷದಲ್ಲಿ ಹತ್ತೊಂಬತ್ತು ಅರ್ಜಿ ಬಂದಿವೆ. ಎಲ್ಲದರಲ್ಲೂ ಮೊದಲನೇ ಸಹಿ ಒಬ್ಬ ಅಜ್ಜಿಯದೇ. ಪ್ರತೀ ಸಲ ಸೊನ್ನೆ ಅಂತ ವಾಪಸ್ ಹೋಗಿದೆ. ನಿಮ್ಮೊಬ್ಬರಿಂದ ಈ ಸಲ ಅದು ಒಂದಾಗಿದೆ!"

"ಆ ಒಂದು... ಅಂದಾಜು ಇಲ್ಲ ಅಂತಾದ್ರೆ?" ಎಂದ ಅಂದಾಜಪ್ಪ.

"ಫೈಲು ಮುಚ್ಚುತ್ತೆ. ಇನ್ನು ಹತ್ತು ವರ್ಷ ತೆಗೆಯೋ ಹಾಗಿಲ್ಲ." ಅಧಿಕಾರಿ ಒಂದು ಕಾಗದ ಹೊರತೆಗೆದರು. "ಆದ್ರೆ ಭಯ ಬೇಡ. ಅದೇ ಅಜ್ಜಿಯಿಂದ ಇವತ್ತು ದೂರು ಬಂದಿದೆ. ಕೇಳಿ: 'ನನ್ನ ಅಳಿಯ ಎರಡು ವರ್ಷದಿಂದ ದಿನನಿತ್ಯ ಕಾಲುವೆ ದಾಟಿ ನನ್ನ ಮನೆಯ ಮುಂದೆ ಹಾದುಹೋಗುತ್ತಿದ್ದು, ಒಮ್ಮೆಯೂ ಒಳಗೆ ಬಾರದೆ ಅವಮಾನ ಮಾಡಿರುತ್ತಾರೆ. ಸದರಿಯವರ ಮೇಲೆ ಕ್ರಮ ಕೈಗೊಳ್ಳಬೇಕು.' ಇದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು? ಗುರುವಾರ ಬೆಳಿಗ್ಗೆ ಆರಕ್ಕೆ ಸ್ಥಳ ಪರಿಶೀಲನೆ. ನೀವು ದಿನದ ಹಾಗೆ ನಡೀರಿ. ನಾವು ಹಿಂದೆ ಬರ್ತೀವಿ, ಎಣಿಸ್ತೀವಿ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಅವನ ಮುಖ ನೋಡಲಾಗುತ್ತಿರಲಿಲ್ಲ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವನ ಸ್ಥಿತಿ. ಉಗುಳಿದರೆ ಹೆಂಡತಿಯ ಸೇತುವೆ ಹೋಗುತ್ತದೆ, ನುಂಗಿದರೆ ಅತ್ತೆಯ ಕಣ್ಣಲ್ಲಿ ಸಾಯುವವರೆಗೂ ಪಾಪಿ.

"ಕಾಲುವೆ ಯಾವ ಕಡೆ ಬರುತ್ತೆ?" ಎಂದು ಕೇಳಿದ ಕೊನೆಗೆ.

"ಇಪ್ಪತ್ತು ವರ್ಷ ನಮ್ಮ ಬೀದಿಯಲ್ಲಿದ್ದು ಕಾಲುವೆ ಯಾವ ಕಡೆ ಅಂತ ಕೇಳ್ತೀಯಲ್ಲೋ!"

"ಕಡೆ ಗೊತ್ತು. ದಾರಿ ಗೊತ್ತಿಲ್ಲ."

ಗುರುವಾರ ಬೆಳಿಗ್ಗೆ ಬೀದಿಗೆ ಬೀದಿಯೇ ಎದ್ದಿತ್ತು. ಅಂದಾಜಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದ. ಅವನ ಹಿಂದೆ ಅಧಿಕಾರಿ, ಎಣಿಕೆಯವನು, ಅವನ ಹಿಂದೆ ಹೆಡ್ ಮೇಷ್ಟ್ರು, ಬೀದಿಯ ಹೆಂಗಸರು, ಎಲ್ಲರಿಗಿಂತ ಹಿಂದೆ ಮುಖ ಊದಿಸಿಕೊಂಡ ಹೆಂಡತಿ. ನಾನು ಸೈಕಲ್ ತಳ್ಳಿಕೊಂಡು ಅವನಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದೆ. ಎಡಕ್ಕೆ ತಿರುಗಬೇಕಾದಾಗ ಒಂದು ಸಲ, ಬಲಕ್ಕೆ ತಿರುಗಬೇಕಾದಾಗ ಎರಡು ಸಲ ಬೆಲ್ಲು ಹೊಡೆಯುವುದೆಂದು ಮಾತಾಗಿತ್ತು. ನಾನು ಒಂದು ಸಲ ಹೊಡೆದೆ. ಅವನು ಬಲಕ್ಕೆ ತಿರುಗಿ ದರ್ಜಿಯ ಮನೆಯೊಳಗೆ ಹೋದ. ಮೆರವಣಿಗೆಯೂ ಹಿಂದೆಯೇ ಹೋಯಿತು. ಹಲ್ಲುಜ್ಜುತ್ತಿದ್ದ ದರ್ಜಿ ಬ್ರಷ್ ಬಾಯಲ್ಲಿಟ್ಟುಕೊಂಡೇ ಇಪ್ಪತ್ತೆರಡು ಜನಕ್ಕೆ ದಾರಿ ಬಿಟ್ಟ. ಎಲ್ಲರೂ ಅಡುಗೆಮನೆಯ ಬಾಗಿಲಿನಿಂದ ಹೊರಗೆ ಬಂದರು. ಟಿಕ್, ಟಿಕ್, ಟಿಕ್.

"ಇಲ್ಲೂ ದಾರಿ ಇದೆಯಾ?" ಎಂದರು ಅಧಿಕಾರಿ ಬೆರಗಾಗಿ.

"ಅಂದಾಜು ಇದೆ," ಎಂದ ಅಂದಾಜಪ್ಪ. ಅಧಿಕಾರಿ ಬರೆದುಕೊಂಡರು.

ಹೆಡ್ ಮೇಷ್ಟ್ರ ಕಾಂಪೌಂಡು ದಾಟುವಾಗ ಮೇಷ್ಟ್ರು ಗುಲಾಬಿ ಗಿಡಕ್ಕೂ ಅವನಿಗೂ ನಡುವೆ ಕೋಲು ಹಿಡಿದು ನಿಂತರು. ಮಿಲ್ಲಿನ ಗೇಟಿನಲ್ಲಿ ಕಾವಲುಗಾರ ಸೆಲ್ಯೂಟ್ ಹೊಡೆದು, "ದಿನದ ಹಾಗೇನಾ ಸಾರ್?" ಎಂದ. ಅವನ ಜೇಬಿನಲ್ಲಿ ಆಗ ತಾನೆ ಕಿತ್ತ ಗುಲಾಬಿಯಿತ್ತು. ಮೇಷ್ಟ್ರು ಅದನ್ನು ನೋಡಿದರು, ಅಂದಾಜಪ್ಪನನ್ನು ನೋಡಿದರು, ಏನೂ ಅರ್ಥವಾಗದೆ ಕೋಲು ಕೆಳಗಿಳಿಸಿದರು. ಮರದ ಪುಡಿಯ ರಾಶಿಗಳ ನಡುವೆ ಹಾದು ಕಾಲುವೆಯ ದಡಕ್ಕೆ ಬಂದು ನಿಂತೆವು.

ನೀರು ಸುಮಾರಾಗಿ ಇತ್ತು, ಹಸಿರಾಗಿತ್ತು. ಅಗಲ ಒಂದು ಬಸ್ಸನ್ನು ಅಡ್ಡ ನಿಲ್ಲಿಸುವಷ್ಟು. ಆಚೆ ದಡದಲ್ಲಿ ಅತ್ತೆ ಕುರ್ಚಿ ಹಾಕಿಸಿಕೊಂಡು, ಹಳದಿ ಟವಲನ್ನು ಹೆಗಲ ಮೇಲೆ ಹೊದ್ದು ಕೂತಿದ್ದರು.

"ಬನ್ನಿ ಅಳಿಯಂದಿರೇ!" ಎಂದು ಕೂಗಿದರು. "ಎರಡು ವರ್ಷ ನನ್ನ ಕಣ್ತಪ್ಪಿಸಿ ಹೇಗೆ ದಾಟಿದಿರಿ, ಒಂದ್ಸಲ ಎಲ್ಲರ ಮುಂದೆ ದಾಟಿ ತೋರಿಸಿ!"

ಎಣಿಕೆಯವನು ಹೆಬ್ಬೆರಳನ್ನು ಯಂತ್ರದ ಮೇಲಿಟ್ಟುಕೊಂಡು ಸಿದ್ಧನಾದ. ಅಂದಾಜಪ್ಪ ನನ್ನ ಕಿವಿಯ ಹತ್ತಿರ ಬಂದ. "ಆಳ ಎಷ್ಟಿದೆ?"

"ಅಂದಾಜು ಸೊಂಟದವರೆಗೆ," ಎಂದೆ. ನನಗೂ ಗೊತ್ತಿರಲಿಲ್ಲ.

ಅವನು ಒಂದು ಸಲ ಹಿಂದಿರುಗಿ ನೋಡಿದ. ಗುಂಪಿನ ಹಿಂದೆ ಹೆಂಡತಿ ತುದಿಗಾಲಲ್ಲಿ ನಿಂತು ಆಚೆ ದಡದ ತಾಯಿಯನ್ನು ನೋಡುತ್ತಿದ್ದಳು, ಅವನನ್ನಲ್ಲ. ಅಂದಾಜಪ್ಪ ಏನನ್ನಾದರೂ ಖಚಿತವಾಗಿ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಚಪ್ಪಲಿ ಬಿಟ್ಟ, ವಾಚು ಬಿಚ್ಚಿ ಬಾಯಲ್ಲಿ ಕಚ್ಚಿಕೊಂಡ, ಅಭ್ಯಾಸದಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ನೀರಿಗಿಳಿದ.

ಮೂರನೆಯ ಹೆಜ್ಜೆಗೆ ಸೊಂಟದವರೆಗೆ, ಐದನೆಯದಕ್ಕೆ ಎದೆಯವರೆಗೆ. ನಡುನೀರಿನಲ್ಲಿ ಕಾಲು ಕೆಸರಿನಲ್ಲಿ ಸಿಕ್ಕಿಕೊಂಡು ಒಂದು ಸುತ್ತು ತಿರುಗಿಬಿಟ್ಟ. ತಿರುಗಿದವನಿಗೆ ಯಾವ ದಡ ಯಾವುದೆಂದು ತಪ್ಪಿಹೋಗಿ, ಸೀದಾ ನಮ್ಮ ಕಡೆಗೇ ಬರತೊಡಗಿದ.

"ಹಿಂದಕ್ಕೆ ಬಂದ್ರೆ ಎಣಿಸೋ ಹಾಗಿಲ್ಲ!" ಎಂದು ಕಿರುಚಿದ ಎಣಿಕೆಯವನು.

"ಆ ಕಡೆ! ಆ ಕಡೆ!" ಎಂದು ಬೀದಿಯೆಲ್ಲ ಕೂಗಿತು. ಮೇಷ್ಟ್ರು "ಎಡಕ್ಕೆ ತಿರುಗಯ್ಯಾ" ಎಂದರು, ಕಾವಲುಗಾರ ಬಲಕ್ಕೆ ಎಂದ. ಅಂದಾಜಪ್ಪ ಇಬ್ಬರ ಮಾತನ್ನೂ ಮೀರಬಾರದೆಂದು ನಿಂತಲ್ಲೇ ಎರಡು ಸುತ್ತು ಸುತ್ತಿದ. ಆಗ ಆಚೆ ದಡದಲ್ಲಿ ಅತ್ತೆ ಕುರ್ಚಿಯಿಂದ ಎದ್ದು, ಮೆಟ್ಟಿಲಿಳಿದು ಬಂದು, ಟವಲಿನ ಒಂದು ತುದಿ ಹಿಡಿದು ಇನ್ನೊಂದು ತುದಿಯನ್ನು ನೀರಿನ ಮೇಲೆ ಬೀಸಿದರು. ಹಳದಿ ಬಣ್ಣ ಅವನ ಕಣ್ಣಿಗೆ ಬಿತ್ತು. ಅದನ್ನೇ ಗುರಿಯಿಟ್ಟು ಹೋಗಿ ಹಿಡಿದುಕೊಂಡ. ಆಕೆ ಎಳೆದುಕೊಂಡರು.

ಟಿಕ್.

"ನಡೆದು ದಾಟಿದವರು, ಒಂದು," ಎಂದು ಎಣಿಕೆಯವನು ಘೋಷಿಸಿದ. ಆಮೇಲೆ ಫಾರಂ ನೋಡಿ, "ಸೈಕಲ್ ಕಾಲಂ ಖಾಲಿ ಇದೆ ಮೇಡಂ" ಎಂದ. ಎಲ್ಲರೂ ನನ್ನ ಕಡೆ ನೋಡಿದರು. ಮೂವತ್ತು ವರ್ಷ ಸೈಕಲ್ಲಿನ ಅನ್ನ ತಿಂದವನು ಇನ್ನೇನು ಮಾಡಲಿ? ಸೈಕಲ್ ಎತ್ತಿ ತಲೆಯ ಮೇಲಿಟ್ಟುಕೊಂಡು ನಾನೂ ಇಳಿದೆ.

ನಾನು ಆಚೆ ಸೇರುವಾಗ ಅಂದಾಜಪ್ಪ ಮೆಟ್ಟಿಲ ಮೇಲೆ ನೀರಿಳಿಸುತ್ತಾ ಕೂತಿದ್ದ. ಅತ್ತೆ ಅವನ ತಲೆ ಒರೆಸುತ್ತಿದ್ದರು.

"ಅತ್ತೆ, ನಾನು ದಿನಾ ಬರ್ತಿರ್ಲಿಲ್ಲ," ಎಂದ ಅವನು. "ಒಂದು ದಿನಾನೂ ಬಂದಿಲ್ಲ. ನಾನು ನಡೆಯೋದೇ ಇಲ್ಲ." ಅಂದಾಜು ಎಂಬ ಮಾತು ಅದರ ಹಿಂದೆಯೂ ಇರಲಿಲ್ಲ, ಮುಂದೆಯೂ ಇರಲಿಲ್ಲ.

"ಗೊತ್ತು," ಎಂದರು ಅತ್ತೆ ತಗ್ಗಿದ ದನಿಯಲ್ಲಿ. "ದಿನಾ ಬೆಳಿಗ್ಗೆ ಟವಲು ಹಾಕುವಾಗ ಆ ಕಡೆ ನೋಡಲ್ವಾ ನಾನು? ಬೆಂಚಿನ ಮೇಲೆ ಬಾಯಿ ತೆರ್ಕೊಂಡು ನಿದ್ದೆ ಮಾಡ್ತಿರ್ತೀರಿ." ನನ್ನ ಕಡೆ ತಿರುಗಿ, "ಬೆಂಚಿನ ಯಜಮಾನರೂ ಬಂದ್ರಾ?" ಎಂದರು. ಸೈಕಲ್ ನನ್ನ ತಲೆಯ ಮೇಲೇ ಉಳಿಯಿತು.

"ಮತ್ತೆ ಆ ದೂರು? ಆ ಸಿಟ್ಟು? ಟವಲು ಹಾಕಲ್ಲ ಅಂದಿದ್ದು?" ಎಂದ ಅಂದಾಜಪ್ಪ, ಪೂರ್ತಿ ಗೊಂದಲದಲ್ಲಿ.

"ಹತ್ತೊಂಬತ್ತು ಸಲ ನಯವಾಗಿ ಅರ್ಜಿ ಬರೆದೆ. ಯಾರು ಕೇಳಿದರು? ಈ ಸಲ ನಿಮ್ಮ ಪುಣ್ಯಕ್ಕೆ ಒಂದು ಗೆರೆ ಬಿತ್ತು. ಅಳಿಯ ದಾಟ್ತಾನೆ ಅಂತ ಅತ್ತೆ ಹೊಗಳಿದ್ರೆ ಅನುಮಾನ ಪಡ್ತಿದ್ರು. ಬೈದ್ರೆ ಯಾರು ನಂಬಲ್ಲ?" ಟವಲು ಹಿಂಡಿದರು. "ಮಗಳನ್ನ ಅಳಿಸಿದ್ದೊಂದೇ ತಪ್ಪು. ಅವಳಿಗೆ ಹೇಳಿದ್ರೆ ಮುಖದಲ್ಲೇ ತೋರಿಸಿಬಿಡ್ತಿದ್ದಳು."

ಅಷ್ಟರಲ್ಲಿ ಹಿಂದೆ ನೀರಿನ ಸದ್ದಾಯಿತು. ಅಂದಾಜಪ್ಪನ ಹೆಂಡತಿ ಯಾರನ್ನೂ ಕೇಳದೆ ಇಳಿದುಬಿಟ್ಟಿದ್ದಳು. ಎದೆಮಟ್ಟದ ನೀರನ್ನು ಎರಡೂ ಕೈಯಿಂದ ಸರಿಸುತ್ತಾ, "ಎರಡು ಬಸ್ಸು ಸಾಕಾಯ್ತು ನನಗೆ! ಸಾಕಾಯ್ತು!" ಎನ್ನುತ್ತಾ ನೆಟ್ಟಗೆ ಬಂದು, ಮೆಟ್ಟಿಲ ಮೇಲೆ ತಾಯಿಯನ್ನು ಒದ್ದೆ ಕೈಯಲ್ಲೇ ತಬ್ಬಿಕೊಂಡಳು. ಟಿಕ್. ಆಕೆಯ ಹಿಂದೆ ಬೀದಿಯ ಇಬ್ಬರು ಹೆಂಗಸರು. ಟಿಕ್, ಟಿಕ್. ಹೆಡ್ ಮೇಷ್ಟ್ರು ಕಾವಲುಗಾರನ ಜೇಬಿನ ಗುಲಾಬಿಯನ್ನು ಕೊನೆಗೂ ಅರ್ಥಮಾಡಿಕೊಂಡು ಅವನನ್ನು ಅಟ್ಟಿಸಿಕೊಂಡು ಬಂದದ್ದರಿಂದ ಇನ್ನೆರಡು. ಕಾಲುವೆಯ ಲೆಕ್ಕ ಸೊನ್ನೆಯಿಂದ ಏಳಕ್ಕೆ ಏರಿತು.

ಸೇತುವೆ ಬರಲು ಒಂದೂವರೆ ವರ್ಷ ಹಿಡಿಯಿತು. ಕಿರಿದು, ಕಾರು ಹತ್ತುವಂತಿಲ್ಲ. ಒಂದು ಪಕ್ಕ ನಡೆಯುವವರಿಗೆ, ಒಂದು ಪಕ್ಕ ಸೈಕಲ್ಲಿಗೆ. ಅದಕ್ಕೆ ಬರುವ ದಾರಿ ನಕ್ಷೆಯ ಪ್ರಕಾರ ದರ್ಜಿಯ ಅಡುಗೆಮನೆಯಿಂದ ಹೋಗಬೇಕಿತ್ತು. ಅವನು ಬೇಡಿಕೊಂಡದ್ದರಿಂದ ಗೋಡೆಯ ಪಕ್ಕಕ್ಕೆ ಸರಿಸಿದರು. ಈಗ ಗಣಿಯ ಊರಿನಿಂದ ಸ್ಟೇಷನ್ನಿಗೆ ಹೋಗುವ ಸೈಕಲ್ಲುಗಳೆಲ್ಲ ನನ್ನ ಅಂಗಡಿಯ ಮುಂದೆಯೇ ಹಾಯುತ್ತವೆ, ಪಂಕ್ಚರಿಗೆ ಕೊರತೆಯಿಲ್ಲ.

ಅಂದಾಜಪ್ಪನಿಗೆ ಬೆಂಚು ತಪ್ಪಿತು. ಸೇತುವೆಯಾದ ದಿನವೇ ಅತ್ತೆ ಹೇಳಿ ಕಳಿಸಿದ್ದರು: ಅಳಿಯ ಆರೂಕಾಲಿಗೆ ಬಂದು ಒಂದು ಲೋಟ ನೀರು ಕುಡಿದ ಮೇಲೆಯೇ ಟವಲು ತಂತಿಗೆ ಬೀಳುವುದು. ಅವನು ಹೋಗದಿದ್ದರೆ ಟವಲಿಲ್ಲ, ಟವಲಿಲ್ಲದಿದ್ದರೆ ಮನೆಯಲ್ಲಿ ಊಟವಿಲ್ಲ. ಹೋಗುತ್ತಾನೆ. ಚಪ್ಪಲಿಯ ನಂಬರು ಈಗ ಪೂರ್ತಿ ಅಳಿಸಿಹೋಗಿದೆ. ಸಕ್ಕರೆ ಇಳಿದಿದೆ, ತನ್ನ ಔಷಧಿಯಿಂದಲೇ ಇಳಿದದ್ದೆಂದು ಡಾಕ್ಟರು ನಂಬಿದ್ದಾರೆ.

ಮೊನ್ನೆ ಬೆಳಿಗ್ಗೆ ಅವನ ಹೆಂಡತಿ ಎಂಟಕ್ಕೆ ಕಾಯದೆ, ಅವನು ಹೊರಟ ಬೆನ್ನಿಗೇ ಬಂದು ನನ್ನ ಅಂಗಡಿಯ ಪಕ್ಕ ನಿಂತಳು. ಟವಲು ಇನ್ನೂ ಬಿದ್ದಿರಲಿಲ್ಲ. ಬೆಂಚಿನ ಮೇಲೆ ಕೂತಳು. ಹಾಗೇ ಕೈ ಚಾಚಿ ಟಬ್ಬಿನ ನೀರಿನಲ್ಲಿ ಬೆರಳಾಡಿಸಿದಳು. ಬೆರಳನ್ನು ಮೂಗಿನ ಹತ್ತಿರ ತಂದಳು. ಅಲ್ಲೇ ಹಿಡಿದುಕೊಂಡಿದ್ದಳು. ನಾನು ಟೈರಿನೊಳಗೆ ತಲೆ ತೂರಿಸಿ ಏನೋ ಹುಡುಕುವವನ ಹಾಗೆ ಮಾಡಿದೆ.

"ಅಣ್ಣಾ," ಎಂದಳು. "ಎರಡು ವರ್ಷ ಇದನ್ನ ಬೆವರು ಅಂದ್ಕೊಂಡು ತಿಕ್ಕಿ ತಿಕ್ಕಿ ಒಗೆದಿದೀನಿ."

ಆಚೆ ದಡದ ತಾರಸಿಯ ಮೇಲೆ ಹಳದಿ ಟವಲು ಏರಿತು. ಅದರ ಪಕ್ಕದಲ್ಲಿ, ತೋಳು ಎರಡೂ ಕಡೆ ಚಾಚಿಕೊಂಡು, ಬೆನ್ನೆಲ್ಲ ನಿಜವಾದ ಬೆವರಿನಲ್ಲಿ ನೆಂದ ಅಂದಾಜಪ್ಪನ ಶರ್ಟೂ ಏರಿತು. ಆಕೆ ಎರಡನ್ನೂ ಬಹಳ ಹೊತ್ತು ನೋಡಿದಳು. ಬೆರಳನ್ನು ಸೆರಗಿಗೆ ಒರೆಸಿಕೊಂಡು ಎದ್ದಳು.

"ಸರಿ ಅಣ್ಣಾ, ಬರ್ತೀನಿ," ಎಂದಳು. "ಅಂದಾಜು ಇಬ್ಬರೂ ಚೆನ್ನಾಗಿದಾರೆ."